ಟ್ಯಾಂಕಿನ ಹತ್ತಿರ ಸಿಗುತ್ತೆ

ಅಮ್ಮತ್ತಿಯ ಕಾಫಿ ಕ್ಯೂರಿಂಗ್ ವರ್ಕ್ಸಿನ ಮೇಲ್ಮಹಡಿ,
ಫೆಬ್ರವರಿ ಕೊನೆ.
ಹನ್ನೊಂದು ಜನ ಅಧಿಕಾರಿಗಳು, ನಾನೊಬ್ಬಳು ಮೇಡಂ,
ಗೋಡೆಯ ಮೇಲೆ ನನ್ನ ನೀಲಿ ಚೌಕ:
ನಾಳೆಯ ವ್ಯಾಪಾರ.
ಪ್ರೊಜೆಕ್ಟರಿನ ಬೆಳಕಿನಲ್ಲಿ ಕಾಫಿ ಸಿಪ್ಪೆಯ ದೂಳು
ತನ್ನ ಪಾಡಿಗೆ ತಾನು ಏರಿ ಇಳಿಯುತ್ತದೆ.

ಮಂಗಳವಾರ ಹೇಳಿದೆ:
ಅಂಗಡಿ ಇನ್ನು ಬೀದಿಯಲ್ಲಿಲ್ಲ, ಅಂಗೈಯಲ್ಲಿದೆ.
(ಇದನ್ನು ಮೂವತ್ತು ಊರಲ್ಲಿ ಹೇಳಿದ್ದೇನೆ.
ಎಲ್ಲ ಕಡೆ ಯಾರಾದರೊಬ್ಬರು ಬರೆದುಕೊಳ್ಳುತ್ತಾರೆ.
ಇಲ್ಲಿ ಲೆಕ್ಕಪತ್ರದ ಸುಗುಣಾಬಾಯಿ.)

ಗಿರಾಕಿ ಬಾಯಿ ತೆರೆಯುವ ಮೊದಲೇ
ಅವನಿಗೇನು ಬೇಕೆಂದು ಯಂತ್ರ ಊಹಿಸುತ್ತದೆ ಎಂದೆ.
ಮಾರಾಟದ ಬಿದ್ದಪ್ಪ ಮೀಸೆ ಒರೆಸಿಕೊಂಡರು:
"ಹೂಮಳೆ ಯಾವತ್ತು, ಅದೂ ಊಹಿಸುತ್ತೋ?"
"ಗುರುವಾರ. ಅರವತ್ತು ಪರ್ಸೆಂಟ್."
"ಉಳಿದ ನಲವತ್ತು?"
ಎಲ್ಲರ ಕಣ್ಣೂ ಒಮ್ಮೆಗೇ ಕಿಟಕಿಯ ಹೊರಗೆ.
ತೋಟಕ್ಕೆ ಮಳೆ ಬೇಕು, ಕಣಕ್ಕೆ ಬೇಡ,
ಎರಡಕ್ಕೂ ಇರುವುದು ಒಂದೇ ಆಕಾಶ.
ನನ್ನ ಸ್ಲೈಡಿನಲ್ಲಿ ಅದಕ್ಕೊಂದು ಬಾಣದ ಗುರುತಿಲ್ಲ.

ಬ್ಲಾಕ್‌ಚೈನ್ ಬಂದದ್ದು ಊಟದ ಮೇಲೆ.
ಅಳಿಸಲಾಗದ ಲೆಕ್ಕದ ಪುಸ್ತಕ, ಒಮ್ಮೆ ಬರೆದರೆ
ಬ್ರಹ್ಮನೂ ತಿದ್ದಲಾರ, ಎಂದೆ.
ರಫ್ತಿನ ಜುಬೇರ್ ತೂಕಡಿಕೆಯಿಂದ ಎದ್ದು,
"ಮೇಡಂ, ಬರೆಯುವವನೇ ಸುಳ್ಳು ಬರೆದರೆ?"
"ಸುಳ್ಳೂ ಅಳಿಸುವುದಿಲ್ಲ."
ಯಾರೂ ನಗಲಿಲ್ಲ.
ತೇವ ಅಳೆಯುವ ಮೀಟರಿನ ಉಸ್ತುವಾರಿಯವರು ಮಾತ್ರ
ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು,
ತೆಗೆದರು.

ಬುಧವಾರ ಪ್ರಯೋಗ.
ನಿಮ್ಮದೇ ಕಂಪನಿಯ ಕಾಫಿಪುಡಿ, ಕಾಲು ಕಿಲೋ,
ನೀವೇ ಗಿರಾಕಿಯಾಗಿ ಕೊಳ್ಳಿ.
ಹಣ ಕಟ್ಟುವ ತನಕ ಎಲ್ಲರೂ ಬಂದರು, ಅಲ್ಲಿ ನಿಂತರು.
ಓಟಿಪಿ ಬರಲಿಲ್ಲ.
ಪರದೆಯ ಮೇಲೆ ಸಣ್ಣ ಚಕ್ರ ತಿರುಗಿತು, ತಿರುಗಿತು,
ಎಂ.ಡಿ. ಕುಟ್ಟಯ್ಯನವರು ಎದ್ದು ಬಾಗಿಲು ತೆಗೆದರು,
ಹಿಂದೆ ಹತ್ತು ಜನ, ತಾರಸಿಗೆ.
ಹನ್ನೊಂದು ತೋಳು ಮೇಲಕ್ಕೆ,
ನಿಲ್ಲದ ಬಸ್ಸಿಗೆ ಕೈ ತೋರಿಸುವವರ ಹಾಗೆ.

ಕೆಳಗೆ ಕಣದಲ್ಲಿ ಚೆರ್ರಿ ಎಳೆಯುತ್ತಿದ್ದ ಚೋಮಿ
ಗೋರೆಯ ಹಿಡಿಗೆ ಗಲ್ಲ ಆನಿಸಿ
ಸ್ವಲ್ಪ ಹೊತ್ತು ನೋಡಿದಳು.
"ಅಲ್ಲಲ್ಲ ಸಾರ್, ಟ್ಯಾಂಕಿನ ಹತ್ತಿರ.
ಟ್ಯಾಂಕಿನ ಹತ್ತಿರ ಸಿಗುತ್ತೆ.
ಎಡಗಾಲು ಕಲ್ಲಿನ ಮೇಲೆ."

ಕಲ್ಲಿತ್ತು. ಕಾಲು ತಾಗಿ ತಾಗಿ ನುಣುಪಾದದ್ದು.
ಟ್ಯಾಂಕಿನ ಸಿಮೆಂಟಿನ ಮೇಲೆ ಇದ್ದಿಲಲ್ಲಿ
ಆರಾರು ಅಂಕೆ, ಸಾಲು ಸಾಲು,
ಹತ್ತು ನಿಮಿಷ ಬದುಕಿ ಸತ್ತವು.
ಕೆಲವಕ್ಕೆ ಪಕ್ಕದಲ್ಲಿ ಗ್ಯಾಸ್, ಕೆಲವಕ್ಕೆ ಸೀರೆ,
ಒಂದಕ್ಕೆ ಬರೀ ಅಯ್ಯೋ.
ಮೂವತ್ತು ಊರಲ್ಲಿ ನಾನು ಹೇಳಿದ್ದನ್ನು
ಇಲ್ಲಿ ಯಾರೋ ನನಗಿಂತ ಮೊದಲೇ ಬರೆದುಕೊಂಡಿದ್ದರು.

ಕುಟ್ಟಯ್ಯನವರು ಸರದಿಯಲ್ಲಿ ನಾಲ್ಕನೆಯವರು.
ಟಿಣ್ ಎಂದಿತು.
ಆರೂ ಅಂಕೆ ಗಟ್ಟಿಯಾಗಿ ಓದಿದರು,
ಯಾರಿಗೂ ಹೇಳಬೇಡಿ ಎಂಬ ಸಾಲನ್ನೂ ಸೇರಿಸಿ.

ಮಾಲು ಹೊರಡುವುದು ಹೊಸಕೋಟೆಯ ಉಗ್ರಾಣದಿಂದ,
ಅಮ್ಮತ್ತಿಗೆ ತಲುಪಲು ಐದು ದಿನ.
ಎರಡು ಮಹಡಿ ಕೆಳಗಿಂದ
ಅದೇ ಬೀಜ ಹುರಿಯುವ ವಾಸನೆ
ಏರಿ ಬರುತ್ತಿತ್ತು.
"ಐದು ದಿನ," ಎಂದರು,
ನನ್ನನ್ನು ನೋಡದೆ.

ಗುರುವಾರ ನಲವತ್ತು ಪರ್ಸೆಂಟ್ ಗೆದ್ದಿತು.
ಮೋಡ ಸಿದ್ದಾಪುರದ ಕಡೆ ಹೋಯಿತು,
ಕಣದವರಿಗೆ ಸಮಾಧಾನ, ತೋಟದವರಿಗೆ ಇಲ್ಲ,
ಸುಗುಣಾಬಾಯಿಗೆ ಎರಡೂ.
ನನಗೊಂದು ಶಾಲು, ಕಾಲು ಕಿಲೋ ಪುಡಿ,
ಬಿಸಿಯಿನ್ನೂ ಆರದ ಪೊಟ್ಟಣ, ಕೈಯಿಂದ ಕೈಗೆ.

ಅಭಿಪ್ರಾಯ ತುಂಬಲು ಲಿಂಕ್ ಕಳಿಸಿದ್ದೇನೆ ಎಂದೆ.
ಕುರ್ಚಿಗಳು ಸರಿದವು. ತಾರಸಿಗೆ ಹೋದೆವು.
ಅಲ್ಲಿ ಆಗಲೇ ಚೋಮಿ, ಎಡಗಾಲು ಕಲ್ಲಿನ ಮೇಲೆ,
ಬಟವಾಡೆಯ ಮೆಸೇಜಿಗೆ ಕಾಯುತ್ತ.

ಅವಳ ಹಿಂದೆ ಕುಟ್ಟಯ್ಯನವರು,
ಕುಟ್ಟಯ್ಯನವರ ಹಿಂದೆ ನಾನು.